ಡೆಂಗಿ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೇ?

‘ಒಂದು ಸಲ ಡೆಂಗಿ ಬಂದು ಹೋದರೆ ಮುಗೀತು, ಮತ್ತೆ ಬರಲ್ಲ’ ಎಂಬ ಮಾತನ್ನು ಸಿಂಗಟಗೆರೆ, ಕಡೂರು ಕಡೆಯವರೂ ಕೇಳಿರುತ್ತೀರಿ. ದಡಾರದ ಮಟ್ಟಿಗೆ ಇದು ನಿಜ. ಡೆಂಗಿಯ ಲೆಕ್ಕವೇ ಬೇರೆ.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ತಗುಲಿದರೆ ಅದರಿಂದ ಮಾತ್ರ ದೀರ್ಘಕಾಲದ ರಕ್ಷಣೆ. ಉಳಿದ ಮೂರರಿಂದ ಕೆಲವೇ ತಿಂಗಳು. ಆಮೇಲೆ ಬೇರೆ ಬಗೆ ಬಂದರೆ ಹಳೆಯ ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ, ಆದರೆ ನಿಷ್ಕ್ರಿಯಗೊಳಿಸಲಾರವು. ಬದಲಿಗೆ ಬಿಳಿ ರಕ್ತಕಣಗಳೊಳಗೆ ನುಗ್ಗಲು ಅದಕ್ಕೆ ನೆರವಾಗಬಹುದು. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ! ಎರಡನೇ ಸೋಂಕು ಹೆಚ್ಚು ತೀವ್ರವಾಗುವುದನ್ನು 1960ರ ದಶಕದಲ್ಲಿ ಬ್ಯಾಂಕಾಕ್‌ನ ಮಕ್ಕಳಲ್ಲಿ ಗಮನಿಸಿದ ಸ್ಕಾಟ್ ಹಾಲ್‌ಸ್ಟೆಡ್, ಮುಂದಿನ ಹಲವು ದಶಕ ಇದರ ಬೆನ್ನು ಹತ್ತಿದರು.

ಫ್ಲೂ ವೈರಸ್ ಕೂಡ ವೇಷ ಬದಲಿಸುತ್ತದೆ, ಅದಕ್ಕೇ ಲಸಿಕೆಯನ್ನು ಪ್ರತಿವರ್ಷ ಪರಿಷ್ಕರಿಸುತ್ತಾರೆ. ಅಲ್ಲಿ ಹೊಂದಾಣಿಕೆ ತಪ್ಪಿದರೆ ರಕ್ಷಣೆ ಕಡಿಮೆಯಾಗುತ್ತದೆ ಅಷ್ಟೆ. ಡೆಂಗಿಯಲ್ಲಿ ತೊಂದರೆಯೇ ಆಗಬಹುದು. ಫಿಲಿಪ್ಪೀನ್ಸ್‌ನಲ್ಲಿ 2016ರಲ್ಲಿ ಶಾಲಾಮಕ್ಕಳಿಗೆ ಶುರುವಾದ ಲಸಿಕೆ 2017ರಲ್ಲಿ ನಿಂತಿತು. ಹಿಂದೆ ಡೆಂಗಿ ಬಾರದವರಲ್ಲಿ ಮುಂದಿನ ಸೋಂಕು ತೀವ್ರವಾಗಬಹುದೆಂದು ಗೊತ್ತಾಗಿತ್ತು.

ನಮ್ಮಲ್ಲಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ರಾಯ್ ಅವರ ತಂಡ 1956ರಿಂದ 2018ರವರೆಗಿನ 408 ಭಾರತೀಯ ಡೆಂಗಿ ವೈರಸ್‌ಗಳ ಜೀನ್ ಮಾಹಿತಿ ಪರಿಶೀಲಿಸಿ 2023ರಲ್ಲಿ ಪ್ರಕಟಿಸಿತು. 2012ರವರೆಗೆ 1 ಮತ್ತು 3ನೇ ಬಗೆಗಳ ಕಾರುಬಾರು, ನಂತರ 2ನೆಯದು. 4ನೆಯದು ದಕ್ಷಿಣ ಭಾರತದಲ್ಲಿ ನೆಲೆಯೂರುತ್ತಿದೆ. ಅಂದರೆ ಹತ್ತು ವರ್ಷದ ಹಿಂದೆ ನಿಮಗೆ ಬಂದದ್ದೇ ಈಗಲೂ ಊರಲ್ಲಿ ಇರಬೇಕೆಂದಿಲ್ಲ.

ಹಿಂದೆ ಡೆಂಗಿ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು: ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.