ಡಯಾಲಿಸಿಸ್ ಘಟಕಕ್ಕೂ ಕಿರ್ದಿ ಬೇಕು

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಪೇಟೆಗಳ ವರ್ತಕರು ಆಸ್ಪತ್ರೆಗೆ ದಾನ ನೀಡಬೇಕೆಂದು ಯೋಚಿಸಿದಾಗ ಮೊದಲು ನೆನಪಾಗುವುದು ಯಂತ್ರ. ಅದರ ಮೇಲೆ ದಾನಿಯ ಹೆಸರಿನ ಫಲಕಕ್ಕೆ ಸ್ಥಳವಿರುತ್ತದೆ. ದಾಖಲೆ ಪುಸ್ತಕಕ್ಕೂ ರಕ್ತಪರೀಕ್ಷೆಗೂ ಆ ಭಾಗ್ಯವಿಲ್ಲ. ಡಯಾಲಿಸಿಸ್ ರೋಗಿಯನ್ನು ಸೋಂಕಿನಿಂದ ಕಾಯುವವು ಮಾತ್ರ ಇವೇ.

ಮೂತ್ರಪಿಂಡ ವಿಫಲವಾದವರು ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ, ತಮ್ಮ ರಕ್ತವನ್ನು ಯಂತ್ರದ ಮೂಲಕ ಹಾಯಿಸಿಕೊಳ್ಳಬೇಕು. ಅವರ ರೋಗನಿರೋಧಕ ಶಕ್ತಿ ಮೊದಲೇ ಕುಗ್ಗಿರುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿಯೂ ಕನಿಷ್ಠ 7 ದಿನ ಉಳಿಯಬಲ್ಲದು. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ. ಸಿಬ್ಬಂದಿ ಕೈಗವಸು ಬದಲಿಸದೆ ಮುಂದಿನ ಹಾಸಿಗೆಗೆ ಹೋದರೂ ಸಾಕು, ಸೋಂಕು ದಾಟಬಹುದು. ಅದು ಬಯಲಾಗುವುದು ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ.

ಆಗ ತನಿಖೆಗೆ ಬಂದವರು ಕೇಳುವುದಿಷ್ಟು: ಆ ದಿನ, ಆ ಪಾಳಿಯಲ್ಲಿ, ಆ ಯಂತ್ರದಲ್ಲಿ ಯಾರಿದ್ದರು? ಅವರಿಗಿಂತ ಮುಂಚೆ ಯಾರು? ಸೂಜಿ ಚುಚ್ಚಿದವರು ಯಾರು? ಲೆಕ್ಕ ತಾಳೆಯಾಗದಾಗ ಕಿರ್ದಿ ತಿರುವಿಹಾಕುವ ಸವಣೂರಿನ ಎಲೆ ವ್ಯಾಪಾರಿಗೆ ಇದನ್ನು ವಿವರಿಸಬೇಕಾಗಿಲ್ಲ. 2018ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಫಾ ಕಾಣಿಸಿಕೊಂಡಾಗ, ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿಯೂ ಮೊದಲ ರೋಗಿಯ ಬಳಿ ಯಾರು ಯಾವಾಗ ಇದ್ದರೆಂಬುದನ್ನು ಜೋಡಿಸಿದ ಮೇಲೆಯೇ ಸೋಂಕು ಬಹುಪಾಲು ಆಸ್ಪತ್ರೆಯೊಳಗೇ ಹರಡಿತೆಂಬುದು ಸ್ಪಷ್ಟವಾಯಿತು.

ಈ ನಾಲ್ಕು ತಾಲ್ಲೂಕುಗಳ ರೋಗಿಗಳು ಸ್ಥಳೀಯ ಯಂತ್ರ ಕೆಟ್ಟರೆ ಹಾವೇರಿಗೋ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕಾಗುತ್ತದೆ. ಅವರೊಂದಿಗೆ ದಾಖಲೆ ಹೋಗದಿದ್ದರೆ ತನಿಖೆ ಅರ್ಧದಲ್ಲಿಯೇ ನಿಲ್ಲುತ್ತದೆ.

ಇದು ಸರ್ಕಾರದ ಹೊಣೆ, ವರ್ತಕರಿಗೇಕೆ ಎಂಬ ಆಕ್ಷೇಪಣೆ ಬರಬಹುದು. ಅದು ನ್ಯಾಯವಾದದ್ದೇ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು 2018ರ ಜುಲೈ 28ರಂದು ಆರಂಭವಾಗಿ, ಪರೀಕ್ಷೆಯನ್ನೂ ಔಷಧವನ್ನೂ ಉಚಿತವಾಗಿಸಿದೆ. ಹೆಪಟೈಟಿಸ್ ಸಿ ಈಗ ಬಹುತೇಕ ಸಂದರ್ಭಗಳಲ್ಲಿ 12 ವಾರಗಳ ಮಾತ್ರೆಗಳಿಂದ ಗುಣವಾಗುತ್ತದೆ. ಆದರೆ ಪರೀಕ್ಷೆಯ ದಿನವನ್ನು ಬರೆದಿಟ್ಟು ನೆನಪಿಸುವವರಿಲ್ಲದಿದ್ದರೆ ಉಚಿತ ಪರೀಕ್ಷೆಯೂ ತಪ್ಪಿಹೋಗುತ್ತದೆ.

ಆದುದರಿಂದ ಮುಂದಿನ ಯಂತ್ರವನ್ನು ಒಪ್ಪಿಸುವ ಮುನ್ನ ದಾನಿಗಳು ಕೆಲವು ವಿಷಯ ಕೇಳಿಕೊಳ್ಳಲಿ. ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಯಂತ್ರವಿದೆಯೇ? ಹೊಸ ರೋಗಿಯನ್ನು ಸೇರಿಸಿಕೊಳ್ಳುವಾಗ ಪರೀಕ್ಷೆ ಆಗುತ್ತಿದೆಯೇ? ಪಾಳಿವಾರು ದಾಖಲೆ ಇದೆಯೇ? ಇಲ್ಲವೆಂದಾದರೆ ಫಲಕದ ಆಸೆ ಬಿಟ್ಟು, ಆ ಹಣದಲ್ಲಿ ನಾಲ್ಕು ಊರುಗಳ ದಾಖಲೆ ಬರೆಯುವ ಒಬ್ಬ ಗುಮಾಸ್ತರ ಸಂಬಳವನ್ನು ಭರಿಸಬಹುದು.