ಕೌದಿ ಒದ್ದೆಯಾದರೆ ಕೂಸಿನ ತಪ್ಪಲ್ಲ

ಮಳೆಗಾಲದಲ್ಲಿ ಖಾನಾಪುರದ ಕಡೆ ಒಗೆದ ಕೌದಿ ಎರಡು ದಿನವಾದರೂ ಒಣಗುವುದಿಲ್ಲ. ಬೇಸಿಗೆಯಲ್ಲಿ ಮುಚ್ಚಿಟ್ಟ ಗುಟ್ಟು ಆಗ ಬಯಲಾಗುತ್ತದೆ. ‘ಇಷ್ಟು ದೊಡ್ಡಾಂವ ಆದಿ, ಇನ್ನೂ ಹಾಸಿಗ್ಯಾಗ ಉಚ್ಚಿ ಹೊಯ್ಕೋತಿ, ನಾಚಿಕಿ ಬರೂದಿಲ್ಲೇನು?’ ಎಂಬ ಮಾತು ಕೇಳಿ ಮಗು ತಲೆ ತಗ್ಗಿಸುತ್ತದೆ. ಅಜ್ಜ-ಅಜ್ಜಿಯರೇ, ಈ ವಾರದ ಮಾತು ಅದರದ್ದೇ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿ.

ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಏಳನೇ ವಯಸ್ಸಿಗೆ ಆ ಸಂಖ್ಯೆ 5ರಿಂದ 10ಕ್ಕೆ ಇಳಿಯುತ್ತದೆ. ಅಂದರೆ 40 ಮಕ್ಕಳ ಎರಡನೇ ತರಗತಿಯಲ್ಲಿ ಎರಡು ಮೂರು ಮಕ್ಕಳಿಗಾದರೂ ಈ ತೊಂದರೆ ಇರಬಹುದು. ಹೇಳಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಇದು ಸೋಮಾರಿತನವಲ್ಲ. ರಾತ್ರಿ ಮೂತ್ರ ಕಡಿಮೆ ತಯಾರಾಗಲೆಂದು ಮೆದುಳು ಒಂದು ಹಾರ್ಮೋನನ್ನು ಕಳಿಸುತ್ತದೆ. ಕೆಲವು ಮಕ್ಕಳಲ್ಲಿ ಅದು ಸಾಲುವುದಿಲ್ಲ. ಕೆಲವರ ಮೂತ್ರಚೀಲ ರಾತ್ರಿಯಿಡೀ ಮೂತ್ರವನ್ನು ಹಿಡಿದಿಡಲಾರದು. ಚೀಲ ತುಂಬಿದರೂ ಕೆಲವರಿಗೆ ಎಚ್ಚರವಾಗುವುದಿಲ್ಲ. ನಿದ್ದೆಯಲ್ಲಿ ಆಗುವುದನ್ನು ಬೈದು ಬಿಡಿಸಲು ಬರುವುದಿಲ್ಲ.

ಹಗಲಿನ ರೂಢಿಗಳೂ ಕಾರಣವಾಗುತ್ತವೆ. ಶಾಲೆಯ ಶೌಚಾಲಯ ಗಲೀಜೆಂದು ಎಷ್ಟೋ ಮಕ್ಕಳು ದಿನವಿಡೀ ನೀರು ಕುಡಿಯುವುದಿಲ್ಲ, ಮೂತ್ರವನ್ನೂ ತಡೆಹಿಡಿಯುತ್ತಾರೆ. ಸಂಜೆ ಮನೆಗೆ ಬಂದು ಗಟಗಟನೆ ಕುಡಿಯುತ್ತಾರೆ. ಮಲಬದ್ಧತೆಯಿದ್ದರೆ ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತದೆ. ಶೌಚಾಲಯ ಮನೆಯ ಹೊರಗಿದ್ದರೆ, ಸುರಿಯುವ ಮಳೆಯಲ್ಲಿ, ಕತ್ತಲಲ್ಲಿ ಒಬ್ಬರೇ ಹೋಗಲು ಮಕ್ಕಳಿಗೆ ಭಯ. ಓದಿಗಾಗಿ ಹಳ್ಳಿ ಬಿಟ್ಟು ಬೆಳಗಾವಿಯ ಹಾಸ್ಟೆಲಿಗೋ ನೆಂಟರ ಮನೆಗೋ ಬಂದ ಮಗುವಿನಲ್ಲಿ, ನಿಂತುಹೋಗಿದ್ದ ತೊಂದರೆ ಮತ್ತೆ ಕಾಣಿಸಿಕೊಳ್ಳಬಹುದು.

ಇನ್ನೊಂದು ಮುಖ್ಯ ಕಾರಣ ವಂಶ. ತಂದೆ-ತಾಯಿಯರಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ ಸುಮಾರು 77. ನಿಮ್ಮ ಮಗ ಯಾವ ವಯಸ್ಸಿನವರೆಗೆ ಕೌದಿ ತೋಯಿಸುತ್ತಿದ್ದನೆಂಬುದು ಅವನಿಗೆ ಮರೆತಿರಬಹುದು, ನಿಮಗೆ ನೆನಪಿರುತ್ತದೆ. ‘ನಿಮ್ಮಪ್ಪನೂ ಹಿಂಗ ಮಾಡತಿದ್ದ, ಆಮೇಲೆ ತಾನಾಗೇ ನಿಂತಿತು’ ಎಂದು ಮೊಮ್ಮಗುವಿನ ಕಿವಿಯಲ್ಲಿ ಹೇಳಿ. ಅದರ ಎದೆಯ ಭಾರ ಇಳಿಯುತ್ತದೆ.

ನೀರು ಬೆಳಿಗ್ಗೆ, ಮಧ್ಯಾಹ್ನ ಚೆನ್ನಾಗಿ ಕುಡಿಸಿ, ಸಂಜೆಯ ಮೇಲೆ ಕಡಿಮೆ ಮಾಡಿ. ರಾತ್ರಿ ಚಹಾ ಬೇಡ. ಕಾಳು, ಸೊಪ್ಪು, ಹಣ್ಣು ಊಟದಲ್ಲಿರಲಿ. ಮಲಗುವ ಮುನ್ನ ತಪ್ಪದೆ ಮೂತ್ರಕ್ಕೆ ಕಳಿಸಿ. ದಾರಿಯಲ್ಲೊಂದು ಸಣ್ಣ ದೀಪ ಉರಿಯಲಿ. ಹೊಡೆಯುವುದು, ಬರೆ ಹಾಕುವೆನೆಂದು ಹೆದರಿಸುವುದು, ನೆಂಟರ ಮುಂದೆ ಆಡಿಕೊಳ್ಳುವುದು ಬೇಡವೇ ಬೇಡ.

ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ, ಉರಿಮೂತ್ರ ಅಥವಾ ಜ್ವರವಿದ್ದರೆ, ಹಗಲಲ್ಲೂ ಬಟ್ಟೆ ಒದ್ದೆಯಾದರೆ, ಜೋರು ಗೊರಕೆಯಿದ್ದರೆ ವೈದ್ಯರಿಗೆ ತೋರಿಸಿ. ಅತಿಯಾದ ಬಾಯಾರಿಕೆಯ ಜೊತೆ ಮಗು ಸೊರಗುತ್ತಿದ್ದರೆ ಅದು ಸಕ್ಕರೆ ಕಾಯಿಲೆಯಿರಬಹುದು, ಅಂದೇ ಹೋಗಿ. ಖಾನಾಪುರದ ತಾಲ್ಲೂಕು ಆಸ್ಪತ್ರೆ, ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಗಳು ಇದಕ್ಕೇ ಇವೆ. ಏಳು ವರ್ಷ ದಾಟಿಯೂ ನಿಲ್ಲದಿದ್ದರೆ, ಒದ್ದೆಯಾದೊಡನೆ ಸದ್ದು ಮಾಡಿ ಎಬ್ಬಿಸುವ ಅಲಾರಂ, ವೈದ್ಯರು ಬರೆದುಕೊಡುವ ಔಷಧಿ ಎರಡೂ ಇವೆ.

ಮಕ್ಕಳೇ, ನಿಮಗೂ ಒಂದು ಮಾತು. ಶಾಲೆಯ ಪ್ರವಾಸಕ್ಕೆ ಗೆಳೆಯನೊಬ್ಬ ಏಕೋ ಬರುವುದಿಲ್ಲ ಎಂದರೆ ಕೆದಕಬೇಡಿ, ನಗಬೇಡಿ. ಆ ಗೆಳೆಯ ನೀವೇ ಆಗಿದ್ದರೆ, ಇಂದು ರಾತ್ರಿ ಅಜ್ಜಿಯ ಪಕ್ಕ ಮಲಗಿ, ಮೆಲ್ಲಗೆ ಹೇಳಿಬಿಡಿ.