ಕೊಲೆಸ್ಟ್ರಾಲ್ ಹೆಚ್ಚಿದರೆ ನಾಲಿಗೆಯನ್ನಷ್ಟೇ ದೂರಬೇಡಿ

ರಕ್ತಪರೀಕ್ಷೆಯಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಹೆಚ್ಚಿದೆ ಎಂದು ತಿಳಿದರೆ ಸಾಕು, ನಮ್ಮ ಮನೆಗಳಲ್ಲಿ ಮೊದಲು ಕಟಕಟೆ ಹತ್ತುವುದು ನಾಲಿಗೆ. ತುಪ್ಪ, ಮೊಟ್ಟೆ, ಬೋಂಡಾಗಳ ಲೆಕ್ಕ ತೆಗೆದು ಎಲ್ಲರೂ ಬುದ್ಧಿ ಹೇಳುವವರೇ. ಊಟದ ಪಾತ್ರ ಇಲ್ಲವೆಂದಲ್ಲ. ಆದರೆ ಎಲ್‌ಡಿಎಲ್ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಯಕೃತ್ತಿನ ಜೀವಕೋಶಗಳ ಕೈಯಲ್ಲಿದೆ. ಆ ಕೋಶಗಳ ಪೊರೆಯ ಮೇಲಿರುವ ಗ್ರಾಹಕ ಪ್ರೋಟೀನುಗಳೇ ಅದನ್ನು ಹಿಡಿದು ಒಳಗೆ ಒಯ್ಯುವುದು. ಆದ್ದರಿಂದ ತಿಂದದ್ದೇನು ಎಂದು ಕೇಳುವಾಗಲೇ, ಒಳಹೋದ ಗ್ರಾಹಕ ಮತ್ತೆ ಮೇಲಕ್ಕೆ ಬರುತ್ತಿದೆಯೇ ಎಂದೂ ಕೇಳಬೇಕು.

ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಬಿಡಿಸಿಟ್ಟ ಕಥೆಯಿದು. 1985ರ ನೊಬೆಲ್ ಅವರಿಗೆ ಸಂದಿತು. ಎಲ್‌ಡಿಎಲ್ ಕಣ ಅಂಟಿಕೊಂಡ ಗ್ರಾಹಕ ಪೊರೆಯ ಒಂದು ಗುಳಿಯಲ್ಲಿ ಸೇರುತ್ತದೆ, ಗುಳಿ ಚಿವುಟಿದಂತೆ ಕಳಚಿ ಪುಟ್ಟ ಚೀಲವಾಗಿ ಒಳಗಿಳಿಯುತ್ತದೆ. ಚೀಲದೊಳಗೆ ಆಮ್ಲತೆ ಏರಿದಾಗ ಹಿಡಿತ ಸಡಿಲುತ್ತದೆ: ಕಣ ಅರಗಲು ಕೋಶದ ಜೀರ್ಣಚೀಲವಾದ ಲೈಸೋಸೋಮಿನ ದಾರಿ ಹಿಡಿದರೆ, ಗ್ರಾಹಕ ಪೊರೆಗೆ ಮರಳುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ಗ್ರಾಹಕದ ಆಯಸ್ಸು ಸುಮಾರು 20 ಗಂಟೆ, ಅಷ್ಟು ಹೊತ್ತೂ ಅದು ಮತ್ತೆ ಮತ್ತೆ ಸುತ್ತುತ್ತದೆ. ಇದು ಉಂಡೆಸೆಯುವ ಬಾಳೆಎಲೆಯಲ್ಲ, ತೊಳೆದು ಮತ್ತೆ ಬಡಿಸುವ ತಟ್ಟೆ. ಕೆಲವು ವಂಶಗಳ ಗ್ರಾಹಕಗಳು ಕಣವನ್ನು ಸರಿಯಾಗಿಯೇ ಹಿಡಿದು ಒಳಹೋಗುತ್ತವೆ. ಆದರೆ ಆಮ್ಲದಲ್ಲಿ ಅದನ್ನು ಬಿಡಲಾಗದೆ ಕಣದ ಜೊತೆ ತಾವೂ ನಾಶವಾಗುತ್ತವೆ. ಹಿಡಿಯುವ ಶಕ್ತಿಯೊಂದೇ ಸಾಲದು, ಮರಳುವುದೂ ಬೇಕು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಇನ್ನೊಂದು ಸಾಕ್ಷಿ ಪಿಸಿಎಸ್‌ಕೆ9 ಎಂಬ ಪ್ರೋಟೀನಿನದು. ಅದು ಗ್ರಾಹಕಕ್ಕೆ ಅಂಟಿಕೊಂಡರೆ ಮರಳುವ ದಾರಿ ಮುಚ್ಚಿ, ಲೈಸೋಸೋಮಿಗೆ ತಳ್ಳುತ್ತದೆ. 2003ರಲ್ಲಿ ಫ್ರಾನ್ಸಿನ ಕುಟುಂಬಗಳಲ್ಲಿ ಈ ಪ್ರೋಟೀನಿನ ಆಟ ಅತಿಯಾಗಿ ಕೊಲೆಸ್ಟ್ರಾಲ್ ಏರಿದ್ದು ಕಂಡಿತು. 2006ರಲ್ಲಿ ಹೊರಬಂದ ಅಮೆರಿಕದ ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು: ಈ ಜೀನು ಕೆಟ್ಟು ಪ್ರೋಟೀನು ಕಡಿಮೆಯಿದ್ದ ಕಪ್ಪು ಜನರಲ್ಲಿ ಎಲ್‌ಡಿಎಲ್ ಶೇ 28ರಷ್ಟು, ಹೃದಯದ ರಕ್ತನಾಳದ ಕಾಯಿಲೆ ಶೇ 88ರಷ್ಟು ಕಡಿಮೆಯಿತ್ತು. ಈ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು 2015ರಲ್ಲಿ ಬಂದವು.

ಹೀಗೆಂದರೆ ಬಾಯಿಚಪಲಕ್ಕೆ ರಹದಾರಿ ಕೊಟ್ಟಂತಾಗದೇ ಎಂದು ಕೇಳುವವರುಂಟು. ಆಗದು, ಸ್ಯಾಚುರೇಟೆಡ್ ಕೊಬ್ಬು ಯಕೃತ್ತಿನ ಗ್ರಾಹಕಗಳ ಕೆಲಸವನ್ನೇ ತಗ್ಗಿಸುವುದರಿಂದ ಪಥ್ಯಕ್ಕೂ ಕಾರಣವಿದೆ. ಚುಚ್ಚುಮದ್ದು ದುಬಾರಿಯಲ್ಲವೇ ಎಂಬ ಆಕ್ಷೇಪ ನಿಜ. ಆದರೆ ಹೆಚ್ಚಿನವರಿಗೆ ಮೊದಲು ಬೇಕಾಗುವುದು ಅಗ್ಗದ ಸ್ಟ್ಯಾಟಿನ್ ಮಾತ್ರೆ. ಅದೂ ಯಕೃತ್ತು ಹೆಚ್ಚು ಗ್ರಾಹಕಗಳನ್ನು ತಯಾರಿಸುವಂತೆ ಮಾಡಿಯೇ ಕೆಲಸ ಮಾಡುತ್ತದೆ. ಉಪದೇಶವೊಂದನ್ನೇ ನೆಚ್ಚುವುದರ ಅಪಾಯ ಬೇರೆಯದು. ವಂಶಪಾರಂಪರ್ಯವಾಗಿ ಬರುವ ಅತಿ ಕೊಲೆಸ್ಟ್ರಾಲ್ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗಿದೆ, ಅವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ತೆಳ್ಳಗಿದ್ದೂ ಮಿತವಾಗಿ ಉಂಡೂ ಅವರು ಸಣ್ಣ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗಬಹುದು. ಹಾಗಾಗಿ ಎಲ್‌ಡಿಎಲ್ ತೀರಾ ಏರಿದವರನ್ನು ಕಂಡಾಗ ವೈದ್ಯರು ಪಥ್ಯದ ಚೀಟಿ ಕೊಟ್ಟು ಕೈತೊಳೆದುಕೊಳ್ಳಬಾರದು. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳ ರಕ್ತವನ್ನೂ ಪರೀಕ್ಷಿಸುವುದು ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಾಗಬೇಕು.